ಬೈರಿಗೆಯ ಬೆಣೆ

ಬಾದನಹಟ್ಟಿಯ ಅಂಜಿನಪ್ಪನ ಹೊಲದ ಬದುವಿನಲ್ಲಿ ಟ್ರ್ಯಾಕ್ಟರು ಗುಡುಗುಡಿಸುತ್ತ ನಿಂತಿತ್ತು. ಅದರ ಬೆನ್ನಿಗೆ ತಗುಲಿಸಿದ್ದ ಆಳೆತ್ತರದ ಕಬ್ಬಿಣದ ಬೈರಿಗೆ ಎರೆಮಣ್ಣನ್ನು ಮೊಣಕಾಲಿಗೂ ಮಿಗಿಲಾಗಿ ಕೊರೆದು, ಮೇಲೆದ್ದು, ಈಗ ಗುಂಡಿಯ ನೆತ್ತಿಯ ಮೇಲೆ ಸುಮ್ಮನೆ ನೇತಾಡುತ್ತಿತ್ತು. ಅಂಜೂರದ ಸಸಿಗಳಿಗೆ ಬೇಲಿ ಹಾಕಲೆಂದು ತಂದ ಕಲ್ಲುಕಂಬಗಳು ಬದುವಿನುದ್ದಕ್ಕೂ ಮಲಗಿದ್ದವು. ಮೊದಲ ಗುಂಡಿಗೆ ಉಡಿ ತುಂಬದೆ ಮೊದಲ ಕಂಬ ಇಳಿಸುವಂತಿರಲಿಲ್ಲ. ಅದು ಆ ಮನೆತನದ ಕಟ್ಟಳೆ.

ಚಾಲಕನ ಆಸನದಲ್ಲಿದ್ದ ಶಾಬುದ್ದೀನನ ಕಣ್ಣು ಮಾತ್ರ ಗುಂಡಿಯ ಮೇಲಿರಲಿಲ್ಲ. ತನ್ನ ತೊಡೆಯ ಪಕ್ಕದ ಹಿಡಿಕೆಯಲ್ಲಿ ನೆಟ್ಟಿತ್ತು. ಬೈರಿಗೆಯನ್ನು ತಿರುಗಿಸುವುದೂ ನಿಲ್ಲಿಸುವುದೂ ಆ ಹಿಡಿಕೆಯೇ. ಅದರ ಹಲ್ಲು ಸವೆದುಹೋಗಿ, ಎಂಜಿನ್ನಿನ ನಡುಕಕ್ಕೆ ತಾನಾಗಿಯೇ ಜಾರಿ ಬೈರಿಗೆಯನ್ನು ತಿರುಗಿಸಿಬಿಡುತ್ತಿತ್ತು. ಜಾರದಿರಲೆಂದು ಅವನು ಜಾಲಿ ಕಟ್ಟಿಗೆಯ ಬೆಣೆಯೊಂದನ್ನು ಹೊಡೆದಿದ್ದ. ಯಂತ್ರದ ಮಾಲೀಕ, ಬಳ್ಳಾರಿಯ ವಿಜಯಕುಮಾರನಿಗೆ ಹೇಳಿದಾಗ, "ಸಿರುಗುಪ್ಪದ ಕೆಲ್ಸ ಮುಗೀಲಿ, ಮಾಡ್ಸೋಣ" ಎಂದಿದ್ದ. ಸಿರುಗುಪ್ಪದ ಕೆಲಸ ಮುಗಿಯಿತು, ಬಾದನಹಟ್ಟಿಯದು ಬಂದಿತು. ಬೆಣೆ ಇದ್ದಲ್ಲಿಯೇ ಇತ್ತು.

ಅಂಜಿನಪ್ಪನ ಹೆಂಡತಿ ಗಾದೆಮ್ಮ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಹಸಿರು ಕುಬುಸದ ಖಣ ಇಟ್ಟುಕೊಂಡು ಬಂದಳು. ಉಡಿಯನ್ನು ಸೆರಗೊಡ್ಡಿ ಹಿಡಿದೇ ಭೂಮಿತಾಯಿಗೆ ಒಪ್ಪಿಸಬೇಕು. ಆದಕಾರಣ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ಹರವಿದಳು. ಗಾಳಿಗೆ ಅದರ ಅಂಚು ಪಟಪಟನೆ ಬಡಿದುಕೊಂಡಿತು.

"ಅಕ್ಕಾ, ಅಲ್ಲೇ ನಿಲ್ರಿ!" ಎಂದು ಶಾಬುದ್ದೀನ್ ಕೂಗಿದ. "ಯಜಮಾನ್ರ, ಎಂಜಿನ್ ಆರಸ್ತೀನ್ರಿ. ಆಮ್ಯಾಲ ಉಡಿ ತುಂಬ್ಲಿ."

ಅಂಜಿನಪ್ಪ ಕೈಯೆತ್ತಿ ತಡೆದ. "ಏ, ಬ್ಯಾಡ! ಮುಹೂರ್ತಕ್ಕ ಸುರುವಾದ ಮಿಷಿನ್ನು, ಮೊದಲ ಕಂಬ ನಿಲ್ಲೋಮಟ ಬಾಯಿ ಮುಚ್ಚಬಾರದು. ಬೈರಿಗಿ ತಿರುಗೋದು ನಿಂತೈತಲ್ಲ, ಮತ್ತೇನು?"

"ನಿಂತೈತ್ರಿ, ಆದ್ರ..."

ಹಿಡಿಕೆ ಕೆಟ್ಟಿದೆ ಎಂದರೆ ಯಜಮಾನ ಈಗಲೇ ಕೆಲಸ ನಿಲ್ಲಿಸಿ ಕಳಿಸುತ್ತಾನೆ. ವಿಜಯಕುಮಾರ ನಾಳೆ ಬೇರೊಬ್ಬನನ್ನು ಈ ಆಸನದಲ್ಲಿ ಕೂರಿಸುತ್ತಾನೆ.

ಕಂಬ ಹೊರಲು ಬಂದಿದ್ದ ಎರ್ರಿ ಹಲ್ಲು ಕಿರಿದ. "ಶಾಬಣ್ಣಗ ಬೈರಿಗಿ ಕಂಡ್ರ ಅತ್ತೀನ ಕಂಡಂಗ ಆಗ್ತೈತಿ ನೋಡ್ರಿ. ಮುಂಜಾನಿಂದ 'ದೂರ ನಿಲ್ರಿ, ದೂರ ನಿಲ್ರಿ' ಅಂತ ಒಂದೇ ಜಪ!"

"ನಗು ಲೇ, ನಗು. ಮೊದ್ಲು ಆ ಜೋತಾಡೋ ಟವಲ್ ತೆಗಿ."

ಈ ಹಾಸ್ಯದ ನಡುವೆ ಗಾದೆಮ್ಮ ಗುಂಡಿಯ ಅಂಚಿಗೆ ಹೋಗಿ ಬಾಗಿಯೇಬಿಟ್ಟಿದ್ದಳು. ಬೈರಿಗೆಯ ಅಲಗಿಗೂ ಅವಳ ಹೆಗಲಿಗೂ ನಡುವೆ ಗೇಣು ಜಾಗವಿರಲಿಲ್ಲ. ಶಾಬುದ್ದೀನ್ ಬೆಣೆಯತ್ತ ನೋಡಿದ. ಅದು ಅಲುಗುತ್ತಿತ್ತು. ಒಂದು ಕೈಯಿಂದ ಹಿಡಿಕೆಯನ್ನು ಬಲವಾಗಿ ಅದುಮಿ, ಇನ್ನೊಂದರಿಂದ ಎಂಜಿನ್ ಆರಿಸಿದ.

ಹೊಲವೆಲ್ಲ ಒಮ್ಮೆಲೇ ನಿಶ್ಶಬ್ದವಾಯಿತು.

"ಲೇ!" ಅಂಜಿನಪ್ಪನ ಮುಖ ಕೆಂಪಡರಿತು. "ಅಪಶಕುನ ಮಾಡಿದೆಲ್ಲೋ! ನಮ್ಮ ಶಾಸ್ತ್ರ ನಿನಗೇನು ಗೊತ್ತು?"

"ಗೊತ್ತೈತ್ರಿ. ನಮ್ಮವ್ವನೂ ಹೊಲಕ್ಕ ಉಡಿ ತುಂಬಿದಾಕಿನ. ಸೆರಗು ಬಿಚ್ಚಿದ ಹೆಣ್ಮಗಳ ಮುಂದ ಮಿಷಿನ್ ಚಾಲೂ ಇಡಾಕ ನನ್ನ ಕೈಲಿ ಆಗಂಗಿಲ್ರಿ."

ಹೇಳಿದ್ದು ಸುಳ್ಳಲ್ಲ; ಆದರೆ ಹೇಳಬೇಕಾದುದರಲ್ಲಿ ಅದು ಅರ್ಧ ಮಾತ್ರ. ಬೆಣೆಯ ಮಾತನ್ನು ಅವನು ಎತ್ತಲಿಲ್ಲ.

ಗಾದೆಮ್ಮ ಯಾರನ್ನೂ ನೋಡದೆ ಉಡಿಯನ್ನು ಗುಂಡಿಗೆ ಸುರಿದಳು. ಖಣವನ್ನು ಗುಂಡಿಯ ಬಾಯಿಗೆ ಹೊದಿಸಿ, ಸೆರಗು ಸಿಕ್ಕಿಸಿಕೊಂಡು ಹಿಂದೆ ಸರಿದಳು. ಕಂಬ ಇಳಿಸಬೇಕಾದರೆ ಟ್ರ್ಯಾಕ್ಟರು ಮುಂದೆ ಹೋಗಬೇಕಿತ್ತು.

"ಎಲ್ಲಾರೂ ಬೇವಿನ ಗಿಡದ ತಾಕ ಹೋಗ್ರಿ. ಹೋಗೋಮಟ ನಾ ಚಾಲೂ ಮಾಡಂಗಿಲ್ಲ" ಎಂದ ಶಾಬುದ್ದೀನ್. ಗೊಣಗುತ್ತಲೇ ಹೋದರು. ಅವನು ಬೆಣೆಯನ್ನು ಇನ್ನಷ್ಟು ಒತ್ತಿ ಎಂಜಿನ್ ಚಾಲೂ ಮಾಡಿದ.

ಟ್ರ್ಯಾಕ್ಟರು ಮೈ ಕೊಡವಿತು. ಬೆಣೆ ಸಿಡಿದು ನೆಲಕ್ಕೆ ಬಿದ್ದಿತು, ಹಿಡಿಕೆ ಜಾರಿ ಬೈರಿಗೆ ತಿರುಗತೊಡಗಿತು. ಗಾಳಿಗೆದ್ದ ಖಣದ ತುದಿ ಬೈರಿಗೆಯನ್ನು ಮುಟ್ಟಿತೋ ಇಲ್ಲವೋ, ರೆಪ್ಪೆ ಬಡಿಯುವಷ್ಟರಲ್ಲಿ ಹಸಿರು ಬಟ್ಟೆಯೆಲ್ಲ ಕಬ್ಬಿಣಕ್ಕೆ ಹಗ್ಗದಂತೆ ಹೊಸೆದುಕೊಂಡಿತು. ಶಾಬುದ್ದೀನ್ ಎಂಜಿನ್ ಆರಿಸಿ ಕೀಲಿ ಕಿತ್ತುಕೊಂಡ.

ಎರ್ರಿ ಈ ಸಲ ನಗಲಿಲ್ಲ. ಹೆಗಲ ಮೇಲಿನ ಟವಲನ್ನು ಮೆಲ್ಲನೆ ತೆಗೆದು ಮುಷ್ಟಿಯಲ್ಲಿ ಮುದುಡಿಕೊಂಡ.

ಅಂಜಿನಪ್ಪ ನಿಧಾನವಾಗಿ ನಡೆದು ಬಂದ. ಬೈರಿಗೆಯನ್ನು ನೋಡಿದ. ನೆಲದ ಮೇಲಿದ್ದ ಬೆಣೆಯನ್ನು ಎತ್ತಿ ಅಂಗೈಯಲ್ಲಿ ಹೊರಳಿಸಿದ. ಎಣ್ಣೆ ಕುಡಿದು ಅದು ಕಪ್ಪಗೆ ನುಣುಪೇರಿತ್ತು.

"ಇದು ಇವತ್ತು ಹೊಡದದ್ದಲ್ಲ."

"ಅಲ್ರಿ."

"ಅಂದ್ರ, ಗೊತ್ತಿದ್ದೂ ನನ್ನ ಹೊಲಕ್ಕ ತಂದಿ."

"ತಂದೀನ್ರಿ" ಎಂದು ಶಾಬುದ್ದೀನ್ ತಲೆತಗ್ಗಿಸಿದ.

ಬಳಿಕ ಅಲ್ಲಿಯೇ ನಿಂತು ಬಳ್ಳಾರಿಗೆ ಫೋನು ಹಚ್ಚಿದ. "ವಿಜಣ್ಣ, ಮಿಷಿನ್ ನಿಲ್ಸೀನ್ರಿ. ಮೆಕ್ಯಾನಿಕ್‌ನ ಕರಕೊಂಡು ಬರ್ರಿ... ಇಲ್ರಿ, ನಾ ಇನ್ನ ಮುಟ್ಟಂಗಿಲ್ಲ... ಬ್ಯಾರೇವ್ನ ಕಳಸ್ತೀರಾ? ಕಳಸ್ರಿ. ಅವಗೂ ಈ ಬೆಣಿ ತೋರ್ಸಿನ ಹೋಗ್ತೀನಿ."

ಭೂಮಿತಾಯಿಯ ಖಣ ಕಬ್ಬಿಣಕ್ಕೆ ಸುತ್ತಿಕೊಂಡಿರುವುದು ಗಾದೆಮ್ಮನಿಗೆ ಸಹಿಸಲಾಗಲಿಲ್ಲ. ಬಿಡಿಸಲೆಂದು ಬಂದು ಕೈ ನೀಡಿದವಳು ಅರ್ಧಕ್ಕೇ ನಿಲ್ಲಿಸಿದಳು.

"ತಮ್ಮಾ, ಕೀಲಿ ಎಲ್ಲೈತಿ?"

ಶಾಬುದ್ದೀನ್ ಮುಷ್ಟಿ ಬಿಚ್ಚಿ ತೋರಿಸಿದ.

"ಇಲ್ಲಿ ಕೊಡು."

ಕೊಟ್ಟ. ಅವಳು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಟ್ಟೆಯ ಸುತ್ತುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಅದು ಸುಲಭಕ್ಕೆ ಬಿಡಲಿಲ್ಲ. ಬಲಗೈ ಎಷ್ಟು ಎಳೆದಾಡಿದರೂ, ಅವಳ ಎಡಗೈ ಮಾತ್ರ ಸೊಂಟದ ಕೀಲಿಯ ಮೇಲಿಂದ ಕದಲಲಿಲ್ಲ.