ದೇವಿ ಹಾಕೋದಂದ್ರ ದೇವಿ ತರೋದಲ್ಲ

ಟೀಕಾ ಹಾಕುವ ಅಲ್ಲಾಸಾಬ ಹಿಟ್ನಾಳಕ್ಕೆ ಬಂದರೆ ಸಾಕು, ಊರಿನ ಮಕ್ಕಳೆಲ್ಲ ಮಾಯ. ಯಾವ ಮನೆಯಲ್ಲಿ ಕೇಳಿದರೂ ಕೂಸು ಅಜ್ಜಿಯ ಊರಿಗೆ ಹೋಗಿದೆ. ಅಷ್ಟೂ ಅಜ್ಜಿಯರಿಗೆ ಒಂದೇ ದಿನ ಮೊಮ್ಮಕ್ಕಳ ನೆನಪಾಗುವುದು ಹೇಗೋ, ದೇವರೇ ಬಲ್ಲ. ತಪ್ಪು ಹೆಸರಿನದು. ಸಿಡುಬು ಬಂದರೆ ಜನ 'ದೇವಿ ಬಂದಾಳ' ಅನ್ನುತ್ತಾರೆ. ಅದು ಬಾರದಿರಲೆಂದು ಚುಚ್ಚುವ ಲಸಿಕೆಗೂ, ಅಂದರೆ ಟೀಕಾಕ್ಕೂ, 'ದೇವಿ ಹಾಕೋದು' ಅನ್ನುತ್ತಾರೆ.

ಅದು ನಲವತ್ತೆರಡನೆಯ ಇಸವಿಯ ಬೇಸಿಗೆ. ಎರಡು ಹಳ್ಳಿ ಆಚೆ ದೇವಿ ಎದ್ದ ಸುದ್ದಿ ಬಂದಿತ್ತು. ತವರಿಗೆ ಬಂದಿದ್ದ ಹುಲಗಮ್ಮ ಎಂಟು ತಿಂಗಳ ಮಗಳನ್ನು ಅವಚಿಕೊಂಡು ಬಾಗಿಲಲ್ಲೇ ನಿಂತಳು.

"ಇವತ್ತ ಹಾಕಿಸ್ರಿ ತಂಗೀ. ಸಂಜಿಗೆ ನಾ ಮುಂದಿನ ಊರಿಗೆ ಹೋಗಬೇಕು," ಅಂದ ಅಲ್ಲಾಸಾಬ.

"ನಮಗ ಬ್ಯಾಡ್ರಿ. ದೇವಿ ಬಂದ್ರ ನಮ್ಮಪ್ಪ ಅದಾನ. ನನ್ನ ಉಳಿಸಿದಾಂವ ಮೊಮ್ಮಗಳ್ನ ಬಿಡ್ತಾನೇನ್ರಿ?"

ಅದು ಬರಿ ಜಂಬವಲ್ಲ. ಹುಲಗಮ್ಮನಿಗೆ ಆರು ವರ್ಷವಿದ್ದಾಗ ಅವಳಿಗೂ ತಮ್ಮ ಯಮನೂರನಿಗೂ ದೇವಿ ಬಂದಿತ್ತು. ತಾಯಿ ಆಗಲೇ ಇರಲಿಲ್ಲ. ಅಪ್ಪ ಪಕ್ಕೀರಪ್ಪ ಹೊಲದ ಕಡೆ ತಲೆಹಾಕದೆ ಇಪ್ಪತ್ತೊಂದು ದಿನ ಗಂಜಿ ಕುಡಿಸಿದ, ಕೀವು ಒರೆಸಿದ, ಕೆರೆದುಕೊಳ್ಳದಂತೆ ಬೆರಳಿಗೆ ಬಟ್ಟೆ ಸುತ್ತಿದ. ಗಂಡಸು ಬಾಣಂತನ ಮಾಡುತ್ತಾನೆಂದು ನಕ್ಕ ಊರೇ ಆಮೇಲೆ ತನ್ನ ರೋಗಿಗಳಿಗೂ ಅವನನ್ನು ಕರೆಯಿತು. ಯಮನೂರ ಒಂಬತ್ತನೆಯ ದಿನ ಹೋದ. ಹುಲಗಮ್ಮನ ಎಡಗಣ್ಣು ಹೋಯಿತು. ಗಂಡನ ಮನೆಯಲ್ಲಿ ಯಾರಾದರೂ ಒಕ್ಕಣ್ಣಿ ಅಂದಾಗ, ಕಣ್ಣು ಉಳಿಸಲಿಲ್ಲವೆಂದು ಅಪ್ಪನ ಮೇಲೂ ಸಿಟ್ಟು ಬರುತ್ತಿತ್ತು. ಗಂಜಿ ಕುಡಿಸಿದ ಅವನ ಕೈಗಳ ನೆನಪಾದರೆ ತನ್ನ ಮೇಲೇ ನಾಚಿಕೆಯಾಗುತ್ತಿತ್ತು.

ಕಟ್ಟೆಯ ಮೇಲೆ ಕೂತಿದ್ದ ಪಕ್ಕೀರಪ್ಪ ಎದ್ದು ಬಂದ.

"ಹುಲಗವ್ವಾ, ನನ್ನ ಹೊಗಳಬ್ಯಾಡ. ನಿಮಗ ದೇವಿ ಬಂದದ್ರ ಹಿಂದಿನ ವರ್ಷ ಹಿಂಗ ಒಬ್ರು ಬಂದಿದ್ರು. 'ದೇವಿ ಹಾಕ್ತೀನಿ' ಅಂದ್ರು. ಇಲ್ಲದ ದೇವೀನ ಕೂಸಿನ ಮೈಯಾಗ ಹಾಕ್ತಾರ ಅಂತ ತಿಳಕೊಂಡೆ. ನಿಮ್ಮಿಬ್ಬರ್ನೂ ಜ್ವಾಳದ ಚೀಲದ ಹಿಂದ ಕುಂದರ್ಸಿ, ಮಕ್ಕಳು ಯಲಬುರ್ಗಾಕ್ಕ ಹೋಗ್ಯಾವ ಅಂದೆ."

ಹುಲಗಮ್ಮ ಅಪ್ಪನ ಕಡೆ ತಿರುಗಿದಳು. "ಹಂಗಾರ ಯಮನೂರ?"

"ಊರಾಗ ಮೂರು ಮನ್ಯಾಗ ಹಾಕಿಸಿದ್ರು. ಆ ಮನ್ಯಾಗ ಒಂದು ಕೂಸೂ ದೇವಿ ಬಂದು ಮಲಗಲಿಲ್ಲವ್ವ."

"ಇಷ್ಟು ವರ್ಷ ಯಾಕ ಹೇಳಲಿಲ್ಲ ಯಪ್ಪಾ?"

"ಎಲ್ಲಾರೂ ನನ್ನ ಛಲೋ ಅಪ್ಪ ಅಂತಿದ್ರು. ನೀನೂ ಅಂತಿದ್ದಿ. ಅದನ್ನ ಬಿಟ್ಟುಕೊಡಾಕ ಮನಸಾಗಲಿಲ್ಲ."

ಹುಲಗಮ್ಮನಿಗೆ ಉರಿದುಹೋಯಿತು. ಬಾಯಿಗೆ ಬಂದದ್ದು ಅಂದುಬಿಡಬೇಕು ಅನ್ನಿಸಿತು. ಆದರೆ ಎದುರುಮನೆಯ ಕಸ್ತೂರೆಮ್ಮ ಕೈಯಲ್ಲಿದ್ದ ಮೊರ ಹಾಗೇ ಹಿಡಿದು ಕೇಳುತ್ತಿದ್ದಳು. ಓಣಿಯೇ ಕೇಳಿತ್ತು. ಅಪ್ಪ ಆಯುಷ್ಯವಿಡೀ ಗಳಿಸಿದ ಹೆಸರನ್ನು ಈ ಕೂಸಿಗಾಗಿ ಹತ್ತು ಜನರೆದುರು ಬಿಟ್ಟುಕೊಟ್ಟಿದ್ದ. ಅವಳ ಸಿಟ್ಟು ಇಳಿಯಲಿಲ್ಲ. ಆದರೆ ಅಪ್ಪ ಅಷ್ಟು ದೊಡ್ಡವನಾಗಿ ಅವಳಿಗೆ ಹಿಂದೆಂದೂ ಕಂಡಿರಲಿಲ್ಲ.

"ಇದ್ರಿಂದ ದೇವಿ ಬರಾಂಗಿಲ್ಲೇನ್ರಿ?" ಎಂದು ಅಲ್ಲಾಸಾಬನನ್ನು ಕೇಳಿದಳು.

"ಬರಾಂಗಿಲ್ಲವ್ವ. ರಟ್ಟಿ ಮ್ಯಾಲ ಒಂದು ಗುಳ್ಳಿ ಏಳ್ತೈತಿ, ಒಂದೆರಡು ದಿನ ಮೈ ಬಿಸಿ ಆಗ್ತೈತಿ. ಬೂದಿ, ಅರಿಷಿಣ ಏನೂ ಹಚ್ಚಬ್ಯಾಡ್ರಿ. ಎಂಟನೇ ದಿನಕ್ಕ ನಾನ ಬಂದು ನೋಡ್ತೀನಿ."

ಹುಲಗಮ್ಮ ಅಪ್ಪನನ್ನು ಕಟ್ಟೆಯ ಮೇಲೆ ಕೂರಿಸಿ ಮಗಳನ್ನು ಅವನ ತೊಡೆಯ ಮೇಲೆ ಮಲಗಿಸಿದಳು. "ಗಟ್ಟಿ ಹಿಡಕೋ ಯಪ್ಪಾ. ಅಳ್ತಾಳ."

ಕೂಸು ಅತ್ತಿತು, ಅಜ್ಜನೂ ಅತ್ತ. ಕಸ್ತೂರೆಮ್ಮ ಮೊರ ಇಳಿಸಿ, ಒಳಗೆ ಅಡಗಿಸಿಟ್ಟಿದ್ದ ಮೊಮ್ಮಗನನ್ನು ಕರೆತಂದಳು.

ತಾಯಂದಿರೇ, ತಂದೆಯರೇ, ನಿಮ್ಮೂರಿಗೆ ಟೀಕಾ ಹಾಕುವವರು ಬಂದಾಗ ಕೂಸನ್ನೆತ್ತಿಕೊಂಡು ನೀವೇ ಮುಂದೆ ಹೋಗಿರಿ. ಗುಳ್ಳೆ ಎದ್ದರೆ ಹೆದರಬೇಡಿ, ಕೆರೆಯಲು ಬಿಡಬೇಡಿ, ಎಂಟನೆಯ ದಿನ ತಪ್ಪದೆ ತೋರಿಸಿರಿ. ನಿಮ್ಮ ಮಕ್ಕಳನ್ನು ನಿಮ್ಮಷ್ಟು ಚೆನ್ನಾಗಿ ಯಾರೂ ನೋಡಿಕೊಳ್ಳಲಾರರು, ನಿಜ. ಪಕ್ಕೀರಪ್ಪನೂ ಯಮನೂರನನ್ನು ಹಾಗೆಯೇ ನೋಡಿಕೊಂಡಿದ್ದ.