ಬಲಗೈ ಮಾತ್ರ ಯಾಕೆ ಉರಿಯಿತು?

ಹೆರಿಗೆ ವಾರ್ಡಿನ ನೆಲ, ಕಿಟಕಿ, ಬಚ್ಚಲು ಎಲ್ಲವೂ ಆಯಮ್ಮನ ಕೈಯಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದವು. ಕೈ ಮಾತ್ರ ಬತ್ತಿದ ಕೆರೆಯ ತಳದಂತೆ ಬಿರುಕು ಬಿಟ್ಟಿತ್ತು. ಅದೂ ಬಲಗೈ ಒಂದೇ. ಎಡಗೈ ನುಣ್ಣಗಿತ್ತು.

ಮನೆಯಲ್ಲಿ ಎರಡು ತಿಂಗಳ ಮೊಮ್ಮಗಳು. ಮುಂದಿನ ತಿಂಗಳು ಮಗಳು ಕೆಲಸಕ್ಕೆ ಮರಳಿದರೆ ಮಧ್ಯಾಹ್ನ ಆಯಮ್ಮನ ಪಾಳಿ ಮುಗಿದ ಮೇಲೆ ಕೂಸು ಈ ಅಜ್ಜಿಯ ಮಡಿಲಲ್ಲೇ. ಆದರೆ ನಿನ್ನೆ ಸ್ನಾನ ಮಾಡಿಸುವಾಗ ಅಜ್ಜಿಯ ಅಂಗೈ ತರಚಿ ಮಗುವಿನ ಬೆನ್ನ ಮೇಲೆ ಕೆಂಪು ಗೀರು ಮೂಡಿತ್ತು. ಮಗಳು ತಟ್ಟನೆ ಕೂಸನ್ನು ಎತ್ತಿಕೊಂಡುಬಿಟ್ಟಳು. ಆಯಮ್ಮನಿಗೆ ಕೈಯ ಉರಿಗಿಂತ ಅದೇ ಹೆಚ್ಚು ಉರಿಯಿತು.

"ಏನು ಆಯಮ್ಮ, ಬೆನ್ನ ಹಿಂದೆ ಏನು ಬಚ್ಚಿಟ್ಟಿದ್ದೀರಿ? ತೋರಿಸಿ," ಎಂದಳು ವಾರ್ಡಿನ ನರ್ಸ್.

"ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ ಸಿಸ್ಟರಮ್ಮ. ನನಗೆ ಮೊಸರೂ ಸಿಗಲಿಲ್ಲ, ಈಗ ಕೈಯೂ ಹೋಯ್ತು."

ನರ್ಸ್ ಎರಡೂ ಅಂಗೈ ತಿರುಗಿಸಿ ನೋಡಿದಳು. "ಅದೇ ಬ್ಲೀಚಿಂಗ್ ನೀರು, ಅದೇ ಗ್ಲೌಸು. ಬಲಗೈಗೆ ಮಾತ್ರ ಯಾಕೆ ಹೀಗೆ?"

"ಬಲಗೈ ದುಡಿಯತ್ತೆ, ಎಡಗೈ ಯಜಮಾನಿಕೆ ಮಾಡತ್ತೆ. ಮೊದಲು ನವೆ ಶುರುವಾಗಿದ್ದೂ ಅದಕ್ಕೇ. ಅವತ್ತಿಂದ ನಮ್ಮತ್ತಿಗೆ ಹೇಳಿದ ಹಾಗೆ ಆ ಕೈಗೆ ಕೊಬ್ಬರಿ ಎಣ್ಣೆ ಬಳ್ಕೊಂಡೇ ಗ್ಲೌಸ್ ಹಾಕ್ಕೊಳ್ತೀನಿ. ನಿನ್ನೆ ನಿಂಬೆಹಣ್ಣೂ ಉಜ್ಜಿದೆ. ಪ್ರಾಣ ಹೋಗಿ ಬಂತು."

"ಎಣ್ಣೆ ಹಚ್ಚಿ ಗ್ಲೌಸಾ? ಆ ಎರಡೂ ಗ್ಲೌಸ್ ತನ್ನಿ, ನೋಡೋಣ."

ನರ್ಸ್ ಎಡಗೈ ಗ್ಲೌಸಿಗೆ ನೀರು ತುಂಬಿ, ಬಾಯಿ ತಿರುಚಿ ಹಿಂಡಿದಳು. ಹನಿಯೂ ಬರಲಿಲ್ಲ. ಬಲಗೈಯದನ್ನು ಹಿಂಡಿದ್ದೇ ತಡ, ಹೆಬ್ಬೆರಳ ಬುಡದಿಂದ ನೂಲಿನಷ್ಟು ನೀರು ಚಿಮ್ಮಿ ಅವಳ ಕನ್ನಡಕಕ್ಕೇ ಬಡಿಯಿತು. ಆಯಮ್ಮ ನಗುತ್ತಲೇ ಬಗ್ಗಿ ಆ ತೂತನ್ನು ದಿಟ್ಟಿಸಿದಳು.

"ಎಣ್ಣೆ ತಾಗಿದರೆ ಈ ರಬ್ಬರ್ ಸಡಿಲವಾಗಿ ಬೇಗ ತೂತು ಬೀಳತ್ತೆ ಆಯಮ್ಮ. ಬ್ಲೀಚಿಂಗ್ ನೀರು ಒಳಗೆ ಹೋಗಿ ನಿಮ್ಮ ಕೈ ಕೆಲಸ ಮುಗಿಯೋವರೆಗೂ ಅದರಲ್ಲೇ ನೆನೀತಿತ್ತು."

"ಅಂದರೆ ಎಣ್ಣೆ ಕೆಟ್ಟದ್ದಾ?"

"ಎಣ್ಣೆ ಒಳ್ಳೇದೇ, ಹಚ್ಚೋ ಹೊತ್ತು ತಪ್ಪು. ಕೆಲಸ ಮುಗಿದ ಮೇಲೆ ಬರೀ ನೀರಲ್ಲಿ ಕೈ ತೊಳೆದು, ಉಜ್ಜದೆ ಒತ್ತಿ ಒರೆಸಿ, ಆಮೇಲೆ ತೆಳ್ಳಗೆ ಹಚ್ಚಿ. ನಿಂಬೆ ಬೇಡವೇ ಬೇಡ. ಲೋಳೆಸರ ಹಚ್ಚೋದಾದರೆ ಗಾಯ ಕೂಡಿದ ಮೇಲೆ. ಅದನ್ನೂ ಮೊದಲು ಮುಂಗೈಗೆ ಚೂರು ಹಚ್ಚಿ ಒಂದು ದಿನ ನೋಡಿ. ಈ ಬಿರುಕು ಮಾತ್ರ ಇವತ್ತೇ ಡಾಕ್ಟರಿಗೆ ತೋರಿಸಬೇಕು."

"ಇಷ್ಟಕ್ಕೆಲ್ಲ ಡಾಕ್ಟರಾ?"

"ಈ ಕೈಯಲ್ಲೇ ಅಲ್ವಾ ಮೊಮ್ಮಗಳನ್ನ ಎತ್ತಿಕೊಳ್ಳೋದು?"

ಆಯಮ್ಮ ಚೀಟಿ ಮಾಡಿಸಲು ಹೊರಟಳು.

ಡಾಕ್ಟರ್ ಮುಲಾಮು ಕೊಟ್ಟು, ಗಾಯ ಮಾಯುವವರೆಗೆ ನೀರಿನ ಕೆಲಸ ತಪ್ಪಿಸಿದರು. ಮೂರು ವಾರ ಕಳೆದವು. ಕೆಲಸಕ್ಕೆ ಹೊರಟ ದಿನ ಮಗಳು ತಾಯಿಯ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿ ನೋಡಿದಳು. "ಈಗ ಪರವಾಗಿಲ್ಲ ಕಣಮ್ಮ, ತಗೋ," ಎಂದು ಕೂಸನ್ನು ಕೊಟ್ಟಳು.

ನೆಲ ತೊಳೆಯುವ, ಪಾತ್ರೆ ಬೆಳಗುವ ಅಕ್ಕ ತಂಗಿಯರೇ, ಅಣ್ಣಂದಿರೇ, ದೇವರು ಕೊಟ್ಟ ಕೈಗೆ ಬದಲಿ ಕೈ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಾಳೆ ಕೆಲಸಕ್ಕೆ ಇಳಿಯುವ ಮುನ್ನ ನಿಮ್ಮ ಗ್ಲೌಸಿಗೂ ನೀರು ತುಂಬಿ ಒಮ್ಮೆ ಹಿಂಡಿ ನೋಡಿ. ತೂತಿದ್ದರೆ ಸಂಕೋಚಪಡದೆ ಹೊಸದನ್ನು ಕೇಳಿ ಪಡೆಯಿರಿ.