ಮೂರನೆಯ ಪಟ್ಟಿ

ಪಟಾಲಮಿನ ಗೇಟಿನ ಎದುರಿಗೇ ನನ್ನ ಹೊಲಿಗೆ ಅಂಗಡಿ. ಸಿಪಾಯಿಗಳ ತೋಳಿಗೆ ದರ್ಜೆಯ ಪಟ್ಟಿ ಹಚ್ಚುವವಳೂ ನಾನೇ, ಕೆಲಸದಿಂದ ತೆಗೆದಾಗ ಬಿಚ್ಚುವವಳೂ ನಾನೇ. ಬಿಚ್ಚಿಸಿಕೊಂಡ ತೋಳನ್ನು ಗೇಟಿನಲ್ಲಿ ತೋರಿಸಿಯೇ ಮನೆಗೆ ಹೋಗಬೇಕು. ಈ ಪದ್ಧತಿ ಮಾಡಿದ ಪುಣ್ಯಾತ್ಮನ ಬೆರಳಿಗೆ ಒಂದು ಸಲವೂ ಸೂಜಿ ಚುಚ್ಚಿರಲಿಕ್ಕಿಲ್ಲ.

ನನ್ನ ತಮ್ಮ ಅದೇ ಪಟಾಲಮಿನಲ್ಲಿ ಗಾಯಾಳುಗಳನ್ನು ಹೊತ್ತು ತರುವವನು. ಎಲ್ಲರೂ ಕರೆಯುವುದು ಕುಳ್ಳ ಅಂತ. ಆ ಕುಳ್ಳನೇ, ಕಾಲು ಮುರಿದು ಬಿದ್ದ ಮೇಜರನನ್ನು, ಎಮ್ಮೆಯಂಥ ಆಳನ್ನು, ಗುಂಡು ಹಾರುತ್ತಿರುವಾಗಲೇ ಬೆನ್ನ ಮೇಲೆ ಹಾಕಿಕೊಂಡು ಬಂದಿದ್ದ. ಎರಡು ಪಟ್ಟಿ ಆಗಲೇ ಇದ್ದವು. ಮೂರನೆಯದೂ ಬಂದಂತೆಯೇ ಎಂದು ಎಲ್ಲರ ಬಾಯಲ್ಲೂ ಇತ್ತು.

ಅಡ್ಡಿ ಇದ್ದದ್ದು ಒಂದೇ. ನನ್ನ ತಮ್ಮನ ಮನಸ್ಸು ಹೆಣ್ಣಿನ ಕಡೆಗಲ್ಲ. ಅವನು ಪ್ರೀತಿಸುವುದು ಒಬ್ಬ ಬಡಗಿಯನ್ನು, ಗಂಡಸನ್ನು. ಅಂಥವರು ಬಾಯಿ ಮುಚ್ಚಿಕೊಂಡಿದ್ದರೆ ಸೈನ್ಯಕ್ಕೆ ಬೇಕು, ಬಾಯಿಬಿಟ್ಟರೆ ಬೇಡ. ಇದೆಂಥ ಕಾನೂನೋ, ನನಗಂತೂ ತಲೆಗೆ ಹತ್ತಿಲ್ಲ.

ಬಡ್ತಿಯ ಸಂದರ್ಶನಕ್ಕೆ ಹೊರಟಾಗ, "ಮದುವೆ ಯಾಕಾಗಿಲ್ಲ ಅಂತ ಕೇಳೇ ಕೇಳ್ತಾರೆ ಅಕ್ಕ. ನಾನು ಸುಳ್ಳು ಹೇಳಲ್ಲ," ಅಂದ.

"ನಿನ್ನ ಬೆನ್ನ ಮೇಲೆ ಸವಾರಿ ಮಾಡಿದೋನೇ ಎದುರಿಗೆ ಕೂತಿರ್ತಾನೆ. ಏನೂ ಆಗಲ್ಲ, ಹೋಗೋ," ಅಂದೆ. ಹಾಗೆಂದು ನಂಬಿಯೂ ಬಿಟ್ಟೆ.

ಮಧ್ಯಾಹ್ನ ಬಂದವನು ಏನೂ ಹೇಳದೆ ಸ್ಟೂಲಿನ ಮೇಲೆ ಕೂತು ತೋಳು ಚಾಚಿದ. ಪಟ್ಟಿ ಹಚ್ಚಿಸಿಕೊಳ್ಳುವವರು ಕೂರುವುದು ಹಾಗೆಯೇ. ನನಗೆ ಸಂತೋಷ ತಡೆಯಲಾಗಲಿಲ್ಲ. ಮೊದಲೇ ಕತ್ತರಿಸಿಟ್ಟಿದ್ದ ಪಟ್ಟಿ ತೆಗೆದು, ಮೈಮೇಲಿದ್ದ ಅಂಗಿಗೇ ಹೊಲಿಯತೊಡಗಿದೆ.

"ನಾನು ಹೇಳಿರಲಿಲ್ವಾ? ಇನ್ಮೇಲೆ ಕುಳ್ಳ ಅಂದವರ ಹಲ್ಲು ಉದುರಿಸು. ನಿನ್ನ ಬಡಗಿಗೆ ಹೇಳು, ನನಗೊಂದು ಮೇಜು ಮಾಡಿಕೊಡಲಿ, ಪುಕ್ಕಟೆ!"

ಅವನು ಅಲುಗಾಡದೆ ಕೂತಿದ್ದ. ನಾನು ದಾರ ಕಚ್ಚಿ ತುಂಡರಿಸಿದ ಮೇಲೆ ಹೊಸ ಪಟ್ಟಿಯನ್ನು ಬೆರಳಿನಿಂದ ಸವರಿದ.

"ಚೆನ್ನಾಗಿದೆಯಾ ಅಕ್ಕ?"

"ಹೇಳಿ ಮಾಡಿಸಿದ ಹಾಗಿದೆ ಕಣೋ."

ಇನ್ನೊಂದು ತೋಳಿಗೆ ಪಟ್ಟಿ ಎತ್ತಿಕೊಂಡೆ. ಅವನು ನನ್ನ ಕೈ ಹಿಡಿದ. "ಸಾಕು. ಈಗ ಎಲ್ಲಾ ಬಿಚ್ಚು. ಬಿಚ್ಚಿಸೋಕೇ ಬಂದಿದ್ದು."

"ಹಚ್ಚೋವಾಗಲೇ ಹೇಳಬಾರದಿತ್ತಾ?" ಎಂದೆ.

"ಒಂದ್ಸಲ ಹಾಕ್ಕೊಂಡು ನೋಡ್ಬೇಕು ಅನ್ನಿಸ್ತು."

"ಮೇಜರ್ ಏನಂದ?"

"ಕೆಲಸದಲ್ಲಿ ಕುಂದಿಲ್ಲ, ಕಾನೂನು ಹಾಗಿದೆ ಅಂದ್ರು. ತಲೆ ಎತ್ತಲೇ ಇಲ್ಲ."

ಹೊಲಿಗೆಗೆ ಬಂದಿದ್ದ ಮೇಜರನ ಅಂಗಿ ಮೊಳೆಗೆ ನೇತಾಡುತ್ತಿತ್ತು. ಕಿತ್ತು ಬೀದಿಗೆಸೆದೆ. "ಬೆನ್ನೇರುವಾಗ ಕೇಳಿದ್ನೇನೋ, ನಿನಗೆ ಯಾರ ಮೇಲೆ ಪ್ರೀತಿ ಅಂತ?"

ತಮ್ಮ ಎದ್ದುಹೋಗಿ ಆ ಅಂಗಿಯನ್ನು ಎತ್ತಿಕೊಂಡು, ಧೂಳು ಕೊಡವಿ, ಮತ್ತೆ ಮೊಳೆಗೆ ತೂಗುಹಾಕಿದ. ಬಂದು ಸ್ಟೂಲಿನ ಮೇಲೆ ಕೂತ.

ಬೇರೆಯವರ ಪಟ್ಟಿ ಬೇಗ ಬಿಚ್ಚಿಕೊಳ್ಳುತ್ತದೆ. ಇವನದನ್ನು ಮಾತ್ರ, ಎಂದೂ ಕಳಚಬಾರದೆಂದು, ಜೋಡಿದಾರದಲ್ಲಿ ಹೊಲಿದಿದ್ದೆ. ಕಣ್ಣೀರಿನಲ್ಲಿ ಹೊಲಿಗೆ ಕಾಣಲಿಲ್ಲ. ಕತ್ತರಿಯ ತುದಿ ತಗುಲಿ ಅವನ ತೋಳಿನಲ್ಲಿ ರಕ್ತ ಒಸರಿತು.

"ನೋವಾಯ್ತೇನೋ?"

"ಇಲ್ಲ ಅಕ್ಕ," ಎಂದು ಇನ್ನೊಂದು ತೋಳು ಚಾಚಿದ.